ಸೈನ್ಸ್ ಬಗ್ಗೆ ಫ್ರೀಲ್ಯಾನ್ಸ್ ಬರೆಯೋಕೆ ಶುರು ಮಾಡೋರಿಗೆ

ಸೈನ್ಸ್ ಜರ್ನಲಿಸಂ ಮಾಡ್ಬೇಕು ಅಂತಿರೋರು ಮೊದ್ಲು ಕೇಳೋದು ಪಿಎಚ್‌ಡಿ ಬೇಕಾ ಅಂತ. ಬೇಡ. ಇದ್ರೆ ಒಳ್ಳೇದೇ, ಆದ್ರೆ ಎಡಿಟರ್ ನೋಡೋದು ನಿಮ್ಮ ಪಿಚ್‌ನ, ಅಂದ್ರೆ ಇಂಥ ಲೇಖನ ಬರೀತೀನಿ ಅಂತ ಕಳ್ಸೋ ಪ್ರಸ್ತಾವನೇನ, ಅದ್ರಲ್ಲಿ ಕಥೆ ಇದ್ಯಾ ಅಂತ.

"ಬ್ಲ್ಯಾಕ್ ಹೋಲ್ ಬಗ್ಗೆ ಬರೀಲಾ" ಅಂದ್ರೆ ಅದು ಬರೀ ವಿಷಯ, ಅದಕ್ಕೆ ಉತ್ತರ ಬರೋದೂ ಅಪರೂಪ. 2019ರಲ್ಲಿ ಬ್ಲ್ಯಾಕ್ ಹೋಲ್‌ನ ಮೊದಲ ಫೋಟೋ ಬಂತಲ್ಲ, ಅದಕ್ಕೆ ಡೇಟಾ ತಗೊಂಡಿದ್ದು 2017ರ ಏಪ್ರಿಲ್‌ನಲ್ಲಿ, ಡೇಟಾ ಎಷ್ಟಿತ್ತು ಅಂದ್ರೆ ಇಂಟರ್ನೆಟ್‌ನಲ್ಲಿ ಕಳ್ಸೋಕಾಗ್ದೆ ಹಾರ್ಡ್ ಡಿಸ್ಕ್‌ಗಳನ್ನೇ ವಿಮಾನಕ್ಕೆ ಹಾಕಿದ್ರು, ಅದ್ರಲ್ಲೂ ದಕ್ಷಿಣ ಧ್ರುವದ ಡಿಸ್ಕ್‌ಗಳು ಅಲ್ಲಿನ ಚಳಿಗಾಲ ಮುಗಿದು ವಿಮಾನ ಬರೋವರೆಗೂ ತಿಂಗಳುಗಟ್ಟಲೆ ಅಲ್ಲೇ ಬಿದ್ದಿದ್ವು. ಇದು ಕಥೆ! ಅಡ್ಡಿ ಇದೆ, ಕಾಯೋ ಜನ ಇದ್ದಾರೆ, ಆಮೇಲೇನಾಯ್ತು ಅನ್ನೋ ಕುತೂಹಲ ಇದೆ. ಪಿಚ್‌ನ ಮೊದಲೆರಡು ಸಾಲಲ್ಲೇ ಇದು ಬಂದ್ಬಿಡ್ಬೇಕು, ಆಮೇಲೆ ಇದನ್ನ ಈಗ್ಲೇ ಯಾಕೆ ಬರೀಬೇಕು, ಯಾರ್ಯಾರ ಹತ್ರ ಮಾತಾಡ್ತೀರಿ ಅನ್ನೋದು, ಒಂದು ಪುಟ ದಾಟೋದು ಬೇಡ.

ಇಂಥವು ಎಲ್ಲಿ ಸಿಗುತ್ತೆ? ಯುರೇಕ್‌ಅಲರ್ಟ್ ಥರದ ಸೈನ್ಸ್ ಸುದ್ದಿ ವೆಬ್‌ಸೈಟ್‌ಗಳಲ್ಲಿ ಬರೋ ಪ್ರೆಸ್ ರಿಲೀಸ್ ಎಲ್ಲಾ ರಿಪೋರ್ಟರ್‌ಗಳಿಗೂ ಒಟ್ಟಿಗೇ ಹೋಗುತ್ತೆ, ಅಲ್ಲಿ ಸ್ಟಾಫ್ ಇರೋ ಪತ್ರಿಕೆ ಜೊತೆ ಓಡಿ ಗೆಲ್ಲೋದು ಕಷ್ಟ. ನನ್ನ ಪ್ರಕಾರ ಒಂದೇ ಕ್ಷೇತ್ರ ಹಿಡ್ಕೊಂಡು ಅದರ ಸಂಶೋಧನಾ ಪೇಪರ್‌ಗಳನ್ನ ಓದ್ತಾ ಹೋಗೋದು, ಸಂಶೋಧಕರ ಹತ್ರ "ಈಗ ನಿಮ್ಮೊಳಗೆ ಯಾವುದರ ಬಗ್ಗೆ ಜಗಳ ನಡೀತಿದೆ" ಅಂತ ಕೇಳೋದು ಎಷ್ಟೋ ವಾಸಿ. ಸಂಶೋಧಕರು ತಮ್ಮ ಪೇಪರ್‌ಗಳನ್ನ ಪ್ರಕಟಣೆಗೆ ಮುಂಚೆನೇ ಹಾಕೋ ಆರ್ಕೈವ್ (arXiv) ವೆಬ್‌ಸೈಟ್ ಅಂತೂ 1991ರಿಂದ ಎಲ್ಲರಿಗೂ ಫ್ರೀ. ಅಲ್ಲಿರೋ ಇಂಥ ಪ್ರಿಪ್ರಿಂಟ್ ಇನ್ನೂ ಪೀರ್ ರಿವ್ಯೂ (ಅದೇ ಕ್ಷೇತ್ರದ ಬೇರೆ ತಜ್ಞರ ಪರಿಶೀಲನೆ) ಆಗಿಲ್ದೆ ಇದ್ರೆ ಅದನ್ನ ಲೇಖನದಲ್ಲಿ ಹೇಳ್ಲೇಬೇಕು.

ಇನ್ನು ನಂಬರ್. ಇದ್ರ ಬಗ್ಗೆ ನಂಗೆ ತುಂಬಾ ಹಠ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳ್ತು, ದಿನಾ 50 ಗ್ರಾಂ ಸಂಸ್ಕರಿಸಿದ ಮಾಂಸ ತಿಂದ್ರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ. 18ರಷ್ಟು ಹೆಚ್ಚುತ್ತೆ ಅಂತ. ಓದಿದ ಎಷ್ಟೋ ಜನಕ್ಕೆ ತಿನ್ನೋ 100 ಜನರಲ್ಲಿ 18 ಮಂದಿಗೆ ಬರುತ್ತೆ ಅನ್ನಿಸುತ್ತೆ. ಆದ್ರೆ ಮೊದ್ಲೇ 100ರಲ್ಲಿ 5 ಜನಕ್ಕೆ ಬರೋ ಕಾಯಿಲೆ ಅಂತಿಟ್ಕೊಳ್ಳಿ, ಶೇ. 18 ಹೆಚ್ಚಾದ್ರೆ ಅದು ಹತ್ರ ಹತ್ರ 6 ಆಗುತ್ತೆ, ಅಷ್ಟೇ. ಈ ಎರಡನೇ ಲೆಕ್ಕ ಇಲ್ದೆ ಮೊದಲನೇದನ್ನ ಮಾತ್ರ ಬರೆದ್ರೆ ಓದುಗರನ್ನ ಸುಮ್ನೆ ಹೆದರಿಸಿದ ಹಾಗೆ. ಆ ಲೆಕ್ಕ ಪೇಪರ್‌ನಲ್ಲಿ ಕಾಣಿಸ್ದಿದ್ರೆ ಅದರ ಲೇಖಕರಿಗೆ ಮೇಲ್ ಮಾಡಿ ಕೇಳಿ, ಸುಮಾರು ಜನ ಖುಷಿಯಿಂದಲೇ ಹೇಳ್ತಾರೆ. ಆ ಅಧ್ಯಯನದಲ್ಲಿ ಇಲ್ದೇ ಇರೋ ಒಬ್ರು ತಜ್ಞರಿಗೂ ಕಳ್ಸಿ ಅಭಿಪ್ರಾಯ ತಗೊಳ್ಳಿ, "ಇದ್ರಲ್ಲಿ ನಿಮಗೆ ಒಪ್ಪಿಗೆ ಆಗದ ಭಾಗ ಯಾವ್ದು" ಅಂತ ಕೇಳಿದ್ರೆ ಲೇಖನದ ಅರ್ಧ ಜೀವ ಅಲ್ಲೇ ಸಿಗುತ್ತೆ.

ದುಡ್ಡಿನ ಮಾತು ಪಿಚ್ ಒಪ್ಪಿದ ದಿನವೇ ಆಗ್ಲಿ: ಪದಕ್ಕೆಷ್ಟು, ಯಾವಾಗ ಕೊಡ್ತಾರೆ, ಬರೆದ್ಮೇಲೆ ಬೇಡ ಅಂದ್ರೆ ಕಿಲ್ ಫೀ ಎಷ್ಟು, ಹಕ್ಕು ಯಾರದ್ದು. ಎಲ್ಲಾ ಮೇಲ್‌ನಲ್ಲೇ ಬರೆಸ್ಕೊಳ್ಳಿ, ಫೋನ್‌ನಲ್ಲಿ ಹೇಳಿದ್ರೂ ಆಮೇಲೊಂದು ಮೇಲ್ ಹಾಕಿ.