"ಏನು ಹೊಡೀಲಿ?" ಅನ್ನುವವರಿಗೆ

ನಾಗಮಂಗಲದಿಂದ ಹೆಗ್ಗಡದೇವನಕೋಟೆವರೆಗೆ ಮುಸುಕಿನ ಜೋಳ ಹಾಕಿದವರೆಲ್ಲ ಕೇಳೋದು ಒಂದೇ: "ಸಾರ್, ನೆನ್ನೆ ಇರಲಿಲ್ಲ, ಇವತ್ತು ಸುಳಿ ತುಂಬಾ ಹುಳ. ಎಲ್ಲಿಂದ ಬಂತು, ಏನು ಹೊಡೀಲಿ?"

ಅದು ಸೈನಿಕ ಹುಳು. ನೆನ್ನೆಯೂ ಇತ್ತು, ಮೊನ್ನೆಯೂ ಇತ್ತು. ನೀವು ಸುಳಿ ಬಿಡಿಸಿ ನೋಡಿರಲಿಲ್ಲ. ಲದ್ದಿ ಕಣ್ಣಿಗೆ ಬೀಳುವಷ್ಟು ಹುಳ ದಪ್ಪಗಾದ ಮೇಲೆ ಔಷಧಿ ಅದರ ಮೈಗೆ ತಾಗುವುದೇ ಕಷ್ಟ.

ಬಂದದ್ದು ಗಾಳಿಯ ಜೊತೆ. ಈ ಸೈನಿಕ ಹುಳು ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕದಲ್ಲಿ, 2018ರಲ್ಲಿ ನಮ್ಮ ಶಿವಮೊಗ್ಗದಲ್ಲಿ ಕಾಣಿಸಿಕೊಂಡಿತು. ಗಾಳಿ ಅನುಕೂಲವಾದರೆ ಇದರ ಪತಂಗ ಒಂದೇ ರಾತ್ರಿಗೆ 100 ಕಿಲೋಮೀಟರ್ ಹೋಗಬಲ್ಲದು. ಹೆಣ್ಣೊಂದು 1,000ಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಪಕ್ಕದ ಹೊಲದವನನ್ನು ಬೈಯಬೇಡಿ.

ಇದನ್ನು ತಿನ್ನುವವರು ಯಾರು ಅಂತ ಮಾತ್ರ ಒಬ್ಬರೂ ಕೇಳುವುದಿಲ್ಲ. ಕೇಳಬೇಕಾದ್ದೇ ಅದು! ಹಗಲಲ್ಲಿ ಹುಳಕ್ಕೆ ಕಾಜಾಣ, ಗೊರವಂಕ. ಕತ್ತಲಾದ ಮೇಲೆ ಪತಂಗಕ್ಕೆ ಹಾಲಕ್ಕಿ, ನತ್ತಿಂಗ, ಸಣ್ಣ ಬಾವಲಿ. ಬಾವಲಿಯ ಕೂಗು ನಮಗೆ ಕೇಳದು, ಪತಂಗಕ್ಕೆ ಕೇಳುತ್ತದೆ. ಅದರ ಕಿವಿ ಎದೆಯ ಪಕ್ಕದಲ್ಲಿದೆ. ಕೂಗು ಹತ್ತಿರವಾದರೆ ರೆಕ್ಕೆ ಮಡಚಿ ಕೆಳಗೆ ಬಿದ್ದು ತಪ್ಪಿಸಿಕೊಳ್ಳಲು ನೋಡುತ್ತದೆ. ಆದರೂ ಸಿಕ್ಕಿಬೀಳುತ್ತದೆ. ಟೆಕ್ಸಾಸ್‌ನ ಬಾವಲಿಗಳು ನೂರಾರು ಮೀಟರ್ ಮೇಲೆ ಹಾರಿ, ವಲಸೆ ಹೊರಟ ತೆನೆಹುಳದ ಪತಂಗಗಳನ್ನು ಅಲ್ಲೇ ತಿನ್ನುತ್ತವೆ. ಹಣ್ಣು ತಿನ್ನುವ ದೊಡ್ಡ ಬಾವಲಿ ಬೇರೆ, ಇವು ಬೇರೆ. ಹಳೇ ಮಂಟಪಕ್ಕೆ ಹೊಗೆ ಹಾಕಿ ಇವನ್ನು ಓಡಿಸಿ, ಆಮೇಲೆ ಔಷಧಿ ಕೇಳಲು ಬಂದರೆ ನನಗೆ ಸಿಟ್ಟು ಬರುತ್ತದೆ.

ಮೊಳಕೆ ಬಂದ ಕೂಡಲೇ ಎಕರೆಗೆ 10ರಂತೆ, ಸುಮಾರು 65 ಅಡಿಗೊಂದು, ಹಕ್ಕಿ ಕೂರಲು ಅಡ್ಡಕಡ್ಡಿ ಕಟ್ಟಿದ ಗೂಟ ನೆಡಿ. ಪೈರಿಗಿಂತ ಎತ್ತರ ಇರಲಿ, ಒರಟು ಕಟ್ಟಿಗೆಯಾಗಲಿ; ನುಣುಪು ಪೈಪಿನ ಮೇಲೆ ಕಾಲು ಜಾರುತ್ತದೆ. ಇದರ ಉಪಯೋಗ ಮೊದಲ 30 ದಿನವೇ ಹೆಚ್ಚು. ಕಾಳು ಹಾಲುಗಟ್ಟುವ ಮೊದಲು ಕಿತ್ತುಬಿಡಿ, ಇಲ್ಲದಿದ್ದರೆ ಗಿಣಿ, ಕಾಗೆ ಅಲ್ಲೇ ಕೂತು ತೆನೆ ಕುಕ್ಕುತ್ತವೆ.

ಹೆಣ್ಣು ಪತಂಗದ ವಾಸನೆಯಿಂದ ಸೆಳೆಯುವ ಮೋಹಕ ಬಲೆ ಎಕರೆಗೆ 5 ಸಾಕು. ಬೀಳೋದು ಗಂಡು ಪತಂಗ ಮಾತ್ರ, ಹಾಗಾಗಿ ಅಷ್ಟರಿಂದ ಹುಳ ಹತೋಟಿಗೆ ಬರುವುದಿಲ್ಲ. ಪತಂಗ ಬಂತು ಅನ್ನುವ ಸುದ್ದಿ ಸಿಗುತ್ತದೆ. ಬಲೆಗೆ ಬಿದ್ದ ದಿನವೇ ಎಲೆ ತಿರುಗಿಸಿ ನೋಡಿ. ಕೂದಲು ಮುಚ್ಚಿದ ಮೊಟ್ಟೆಯ ಗುಂಪು ಸಿಕ್ಕರೆ ಬೆರಳಲ್ಲೇ ಹಿಸುಕಿಬಿಡಿ; 2-3 ದಿನ ಬಿಟ್ಟರೆ ಮರಿಯಾಗುತ್ತವೆ.

ಇಷ್ಟಾದ ಮೇಲೂ 100 ಗಿಡಕ್ಕೆ 5ರಲ್ಲಿ ಹಾನಿ ಕಂಡರೆ, ಮರಿ ಸಣ್ಣದಿರುವಾಗಲೇ ಬೇವಿನ ಬೀಜದ ಕಷಾಯ ಹೊಡೆಯಿರಿ: ಲೀಟರ್ ನೀರಿಗೆ 50 ಗ್ರಾಂ ಬೀಜದ ಪುಡಿ, ರಾತ್ರಿಯಿಡೀ ನೆನೆಸಿ ಸೋಸಿದ್ದು. ಸುಳಿಯೊಳಕ್ಕೆ ಇಳಿಯಬೇಕು. ಹೊಡೆಯೋದು ಸಂಜೆ, ಬಿಸಿಲಿಗೆ ಬೇವಿನ ಸತ್ವ ಬೇಗ ಹಾಳಾಗುತ್ತದೆ.