ಕನ್ನಡದ ಆಪನ್ನ ಸ್ಟೋರಿಗೆ ಹಾಕೋದು ಸುಲಭ, ಉಳಿಸ್ಕೊಳ್ಳೋದೇ ಕೆಲಸ

ಮೊದಲೆಲ್ಲ ಪ್ಲೇ ಸ್ಟೋರಲ್ಲಿ ಕನ್ನಡ ಅಂತ ಹುಡುಕಿದ್ರೆ ವಚನದ್ದು, ಗಾದೆದು, ಒಗಟಿಂದು, ಮಗ್ಗಿದು ಅಂತ ಯಾರೋ ಒಬ್ಬೊಬ್ಬರೇ ಕೆಲಸ ಮುಗಿಸಿ ಬಂದು ರಾತ್ರಿ ಕೂತು ಮಾಡಿದ ಸಣ್ಣ ಸಣ್ಣ ಆಪ್‌ಗಳು ಸಿಗ್ತಿದ್ವು. ಈಗ ಹೊಸ ಫೋನ್ ತಗೊಂಡು ಅವನ್ನ ಹುಡುಕಿ ನೋಡಿ, ಎಷ್ಟೋ ಕಾಣ್ಸೋದೇ ಇಲ್ಲ. ಹಳೇ ಫೋನಲ್ಲಿ ಇನ್ನೂ ಓಡ್ತಿರತ್ತೆ, ಹೊಸದ್ರಲ್ಲಿ ಇಲ್ಲ. ಮಾಡಿದವರಿಗೆ ಇದು ಗೊತ್ತಿರೋದೂ ಡೌಟೇ, ಯಾಕಂದ್ರೆ ಸ್ಟೋರಿಂದ ಬರೋ ಮೇಲ್‌ಗಳನ್ನ ಅವರು ಯಾವಾಗಲೋ ಓದೋದು ಬಿಟ್ಟಿರ್ತಾರೆ.

ಇದಕ್ಕೆ ದೊಡ್ಡ ಕಾರಣ ಒಂದು ರೂಲು. ಪ್ರತಿ ಆಂಡ್ರಾಯ್ಡ್ ಆಪ್ ಒಳಗೂ ಟಾರ್ಗೆಟ್ ಎಪಿಐ ಲೆವೆಲ್ ಅಂತ ಒಂದು ನಂಬರ್ ಇರತ್ತೆ, ಅಂದ್ರೆ ಈ ಆಪನ್ನ ಆಂಡ್ರಾಯ್ಡಿನ ಇಂಥಾ ವರ್ಶನ್ ನೋಡ್ಕೊಂಡು ಮಾಡಿದೀವಿ ಅಂತ ನಾವು ಬರ್ಕೊಡೋದು. 2025ರ ಆಗಸ್ಟ್ 31ರಿಂದ ಹೊಸ ಆಪ್ ಆಗ್ಲಿ ಅಪ್‌ಡೇಟ್ ಆಗ್ಲಿ ಆ ನಂಬರ್ 35 ಇರ್ಲೇಬೇಕು, ಅಂದ್ರೆ ಆಂಡ್ರಾಯ್ಡ್ 15. ಮುಟ್ಟದೆ ಬಿಟ್ಟಿರೋ ಹಳೇ ಆಪ್‌ಗೆ 34 ಆದ್ರೂ ಬೇಕು, ಇಲ್ದಿದ್ರೆ ಅದರ ಟಾರ್ಗೆಟ್‌ಗಿಂತ ಹೊಸ ಆಂಡ್ರಾಯ್ಡ್ ಇರೋ ಫೋನಲ್ಲಿ ಹೊಸಬರಿಗೆ ಅದು ಸಿಗಲ್ಲ, ಮೊದಲೇ ಹಾಕ್ಕೊಂಡಿದ್ದವರಿಗೆ ಮಾತ್ರ ಸಿಗತ್ತೆ. ವರ್ಷಕ್ಕೊಂದು ಸಲ ಆಗಸ್ಟ್ ಕೊನೆ ಹೊತ್ತಿಗೆ ಈ ಗೆರೆ ಮೇಲಕ್ಕೆ ಹೋಗ್ತಾ ಇರತ್ತೆ. ರೂಲೇ ತಪ್ಪು ಅಂತ ನಾನು ಹೇಳಲ್ಲ, ಹಿಂದೆ ಟಾರ್ಗೆಟ್ ನಂಬರನ್ನ ಬೇಕಂತಲೇ 22ಕ್ಕೆ ಇಟ್ಟು ಇನ್‌ಸ್ಟಾಲ್ ಆಗೋವಾಗಲೇ ಎಲ್ಲಾ ಪರ್ಮಿಶನ್ ತಗೊಂಡ್‌ಬಿಡ್ತಿದ್ದ ಕಳ್ಳ ಆಪ್‌ಗಳಿದ್ವು, ಅದನ್ನ ತಡೀಲೇಬೇಕಿತ್ತು. ಆದ್ರೆ ಗಾದೆ ತೋರ್ಸೋ ಆಪ್‌ಗೂ ಬ್ಯಾಂಕಿನ ಆಪ್‌ಗೂ ಒಂದೇ ಗೆರೆ ಎಳೆದಾಗ ಸಂಬಳ ಕೊಟ್ಟು ಟೀಮ್ ಇಟ್ಕೊಂಡಿರೋರು ದಾಟ್ತಾರೆ, ಒಬ್ಬನೇ ಮಾಡಿದವನು ಹಿಂದೆ ಉಳೀತಾನೆ, ಅವನ ಜೊತೆ ಆ ಕನ್ನಡದ ಕೆಲಸನೂ ಹೋಗತ್ತೆ. ಇದು ನಂಗೆ ನಿಜಕ್ಕೂ ಸಂಕಟ ಆಗೋ ವಿಷಯ.

ನಂಬರ್ ಬದಲಾಯಿಸಿದ್ರೆ ಆಯ್ತಲ್ಲ ಅಂತ ಕೇಳ್ತಾರೆ. ಆಗಲ್ಲ. 35ಕ್ಕೆ ಹೋದ ಕೂಡ್ಲೇ ಆಂಡ್ರಾಯ್ಡ್ 15ರಲ್ಲಿ ಆಪಿನ ಸ್ಕ್ರೀನು ಮೇಲಿಂದ ಕೆಳಗಿನವರೆಗೂ ಪೂರ್ತಿ ಹರಡ್ಕೊಳ್ಳತ್ತೆ, ಮೇಲ್ಗಡೆ ಟೈಮು ಬ್ಯಾಟರಿ ತೋರ್ಸೋ ಪಟ್ಟಿ, ಕೆಳಗಡೆ ಬ್ಯಾಕ್ ಹೋಮ್ ಬಟನ್ ಇರೋ ಪಟ್ಟಿ, ಎರಡರ ಅಡಿಗೂ ನಮ್ಮ ಸ್ಕ್ರೀನ್ ಹೋಗಿ ಕೂರತ್ತೆ. ಕೆಳಗೆ ‘ಉಳಿಸಿ’ ಅಂತ ಒಂದು ಬಟನ್ ಇಟ್ಟಿದ್ರೆ ಅದು ಅರ್ಧ ಆ ಬಟನ್‌ಗಳ ಅಡಿಗೆ ಹೋಗ್ಬಿಡತ್ತೆ, ಒತ್ತಕ್ಕೆ ಹೋದ್ರೆ ಆಪೇ ಮುಚ್ಚತ್ತೆ. ಅಲ್ಲಿಗೆ ಎಲ್ಲಾ ಸ್ಕ್ರೀನಿಗೂ ಅಂಚಿನ ಜಾಗ ಬಿಡೋ ಕೋಡ್ ಬರೀಬೇಕು, ಅದಕ್ಕೆ ಲೈಬ್ರರಿ (ಬೇರೆಯವರು ಬರೆದಿಟ್ಟ ರೆಡಿ ಕೋಡ್) ಹೊಸದು ಬೇಕು, ಲೈಬ್ರರಿಗೆ ಗ್ರೇಡಲ್ (ಕೋಡನ್ನ ಆಪ್ ಆಗಿ ಬಿಲ್ಡ್ ಮಾಡೋ, ಅಂದ್ರೆ ಕಟ್ಟೋ ಟೂಲ್) ಹೊಸದು ಬೇಕು, ಮೂರು ವರ್ಷ ತೆಗೀದೆ ಇದ್ದ ಪ್ರಾಜೆಕ್ಟ್ ಆದ್ರೆ ಒಂದು ವಾರಾಂತ್ಯ ಪೂರ್ತಿ ಬಿಲ್ಡ್ ಎರರ್ ಓದೋದ್ರಲ್ಲೇ ಹೋಗತ್ತೆ. ಅದಕ್ಕೇ ನಾನು ಎಲ್ಲರಿಗೂ ಹೇಳೋದು, ಏನೂ ಹೊಸ ಫೀಚರ್ ಇಲ್ದಿದ್ರೂ ವರ್ಷಕ್ಕೊಂದು ಸಲ, ಜೂನ್ ಜುಲೈ ಅಷ್ಟೊತ್ತಿಗೆ, ಆಪ್ ಓಪನ್ ಮಾಡಿ ಬಿಲ್ಡ್ ಮಾಡಿ ಒಂದು ಅಪ್‌ಡೇಟ್ ಬಿಡಿ. ಒಂದು ವರ್ಷದ ಬದಲಾವಣೆ ಸುಧಾರಿಸ್ಬೋದು, ನಾಲ್ಕು ವರ್ಷದ್ದು ಒಟ್ಟಿಗೆ ಬಂದ್ರೆ ಕೈ ಬಿಡ್ತೀರಿ.

ನಾನು ನೋಡ್ಕೊಳ್ತಿರೋದು ಒಂದೇ ಆಪು, ತೋಟದ ಆಳುಗಳ ಲೆಕ್ಕದ್ದು. ಯಾರು ಯಾವತ್ತು ಬಂದ್ರು, ಅರ್ಧ ದಿನ ಯಾವತ್ತು, ಮುಂಗಡ ಎಷ್ಟು, ಬಾಕಿ ಎಷ್ಟು. ಮಲೆನಾಡಲ್ಲಿ ಅಡಿಕೆ ಕೊಯ್ಲಿನ ಟೈಮಲ್ಲಿ ಗೋಡೆ ಕ್ಯಾಲೆಂಡರ್ ಮೇಲೆ ಪೆನ್ನಲ್ಲಿ ಬರೀತಾರಲ್ಲ, ಅದೇ ಫೋನಲ್ಲಿ. ನೆಟ್ ಬೇಡ, ಲಾಗಿನ್ ಇಲ್ಲ, ಜಾಹೀರಾತಿಲ್ಲ. ಇಷ್ಟು ಸಣ್ಣದಕ್ಕೆ ಸ್ಟೋರ್ ಯಾಕೆ, ಎಪಿಕೆ ಫೈಲನ್ನೇ, ಅಂದ್ರೆ ಆಪ್ ಇನ್‌ಸ್ಟಾಲ್ ಮಾಡೋ ಫೈಲನ್ನೇ, ವಾಟ್ಸಾಪಲ್ಲಿ ಕಳಿಸಿದ್ರೆ ಆಗತ್ತಲ್ಲ ಅಂತ ತುಂಬಾ ಜನ ಕೇಳಿದಾರೆ. ಈಗಿನ ಕಾಲದಲ್ಲಿ ಅದು ಬೇಡವೇ ಬೇಡ. ಟ್ರಾಫಿಕ್ ದಂಡದ ಚಲನ್ ಅಂತಲೋ ಮದುವೆ ಕರೆಯೋಲೆ ಅಂತಲೋ ಎಪಿಕೆ ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡೋ ಮೋಸ ಎಷ್ಟು ನಡೀತಿದೆ ಅಂದ್ರೆ ವಾಟ್ಸಾಪಲ್ಲಿ ಬಂದ ಆಪ್ ಮುಟ್ಬೇಡಿ ಅಂತ ನಾವೇ ಮನೆಯವರಿಗೆ ದಿನಾ ಹೇಳ್ತಿದೀವಿ, ನಾವೇ ಹಂಗೆ ಕಳಿಸಿದ್ರೆ ಅವರು ಯಾರ ಮಾತು ನಂಬ್ಬೇಕು. ಸ್ಟೋರ್ ಲಿಂಕ್ ಇದ್ರೆ ಇನ್ನೊಂದು ಲಾಭ, ಮುಂದೆ ನಾನು ಏನಾದ್ರೂ ಸರಿ ಮಾಡಿದ್ರೆ ಅದು ತಾನಾಗೇ ಅವರ ಫೋನಿಗೆ ಹೋಗತ್ತೆ. ವಾಟ್ಸಾಪಲ್ಲಿ ಹೋದ ಎಪಿಕೆ ಹೋದಲ್ಲೇ ಉಳೀತು.

ಹಾಕೋ ಖರ್ಚು ದೊಡ್ಡದಲ್ಲ. ಗೂಗಲ್ ಪ್ಲೇಗೆ ಜೀವನದಲ್ಲಿ ಒಂದೇ ಸಲ 25 ಡಾಲರ್. ಆಪಲ್‌ನವರದ್ದು ವರ್ಷಾ ವರ್ಷಾ 99 ಡಾಲರ್, ಕಟ್ಟೋದು ನಿಲ್ಸಿದ್ರೆ ಆಪೂ ಸ್ಟೋರಿಂದ ಇಳಿಯತ್ತೆ, ಹಾಗಾಗಿ ಬಿಟ್ಟಿ ಆಪ್ ಮಾಡೋರು ಆ ಕಡೆ ಹೋಗೋದು ಕಷ್ಟ, ನಾನೂ ಹೋಗಿಲ್ಲ. ಹೊಸಬರಿಗೆ ನಿಜವಾಗ್ಲೂ ಕಷ್ಟ ಆಗೋದು ಟೆಸ್ಟಿಂಗ್ ರೂಲು. 2023ರ ನವೆಂಬರ್ 13ರ ಮೇಲೆ ಪರ್ಸನಲ್ ಅಕೌಂಟ್ ತೆಗೆದವರು ಆಪನ್ನ ಎಲ್ಲರಿಗೂ ಬಿಡೋಕೆ ಮುಂಚೆ ಕ್ಲೋಸ್ಡ್ ಟೆಸ್ಟ್, ಅಂದ್ರೆ ನಾವು ಸೇರ್ಸಿದವರಿಗೆ ಮಾತ್ರ ಕೊಟ್ಟು ನೋಡೋ ಟೆಸ್ಟ್, ನಡೆಸ್ಬೇಕು, ಮೊದಲು 20 ಜನ ಅಂತಿತ್ತು, 2024ರ ಡಿಸೆಂಬರಲ್ಲಿ 12ಕ್ಕೆ ಇಳಿಸಿದ್ರು, ಅವರು 14 ದಿನ ಒಂದೇ ಸಮ ಟೆಸ್ಟರ್ ಆಗಿ ಇರ್ಬೇಕು. ಇದಕ್ಕೆ ದುಡ್ಡು ತಗೊಂಡು ಟೆಸ್ಟರ್ ಕೊಡೋರೂ ಹುಟ್ಕೊಂಡಿದಾರೆ, ಅದು ಬೇಡ, ನಿಮ್ಮ ಆಪ್ ನಿಜವಾಗಿ ಯಾರಿಗೆ ಬೇಕೋ ಅವರನ್ನೇ ಸೇರಿಸಿ. ಆಳುಗಳ ಲೆಕ್ಕ ಬರೆಯೋ 12 ಜನ ಎರಡು ವಾರ ಬಳಸಿದ್ರೆ ಅರ್ಧ ದಿನದ ಕೂಲಿ ಯಾಕೆ ಬೇರೆ ರೇಟಲ್ಲಿ ಹಾಕಕ್ಕೆ ಆಗ್ತಿಲ್ಲ ಅಂತ ಅವರೇ ಕೇಳ್ತಾರೆ, ಅಂಥದ್ದು ದುಡ್ಡಿನ ಟೆಸ್ಟರ್ ಯಾವತ್ತೂ ಹೇಳಲ್ಲ. ಆಮೇಲೆ ಡೇಟಾ ಸೇಫ್ಟಿ ಫಾರ್ಮ್, ಪ್ರೈವಸಿ ಪಾಲಿಸಿ ಲಿಂಕ್, ವಯಸ್ಸಿನ ರೇಟಿಂಗ್. ಏನೂ ಡೇಟಾ ತಗೊಳಲ್ಲ ಅಂದ್ರೂ ತಗೊಳಲ್ಲ ಅಂತ ಬರ್ದು ಕೊಡ್ಬೇಕು. ಒಂದು ಮಧ್ಯಾಹ್ನದ ಕೆಲಸ, ಮುಂದಕ್ಕೆ ಹೋಗೋಣ.

ಹೆಸರಿನ ವಿಷಯ ಹೇಳ್ಲೇಬೇಕು. ಪ್ಲೇನಲ್ಲಿ ಆಪ್ ಹೆಸರಿಗೆ 30 ಅಕ್ಷರ, ಚಿಕ್ಕ ವಿವರಣೆಗೆ 80, ದೊಡ್ಡ ವಿವರಣೆಗೆ 4000. ಈ ಲೆಕ್ಕ ಯೂನಿಕೋಡಿಂದು, ಗುಣಿತಾಕ್ಷರ ಒತ್ತಕ್ಷರ ಎಲ್ಲಾ ಬಿಡಿಬಿಡಿಯಾಗಿ ಎಣಿಸತ್ತೆ. ‘ತೋಟದ ಕೆಲಸಗಾರರ ಲೆಕ್ಕ’ ಅನ್ನೋದು ನಮ್ಮ ಕಣ್ಣಿಗೆ 11 ಅಕ್ಷರ, ಅಲ್ಲಿ ಎರಡು ಸ್ಪೇಸ್ ಸೇರಿ 19. ಲೆಕ್ಕದ ಒಂದು ‘ಕ್ಕ’ನೇ ಮೂರು ತಿನ್ನತ್ತೆ. ಆದ್ರೂ ಹೆಸರು ಕನ್ನಡದಲ್ಲೇ ಇಡಿ, ಲಿಸ್ಟಿಂಗಿಗೆ (ಸ್ಟೋರಲ್ಲಿರೋ ಆಪಿನ ಪುಟಕ್ಕೆ) ಕನ್ನಡ ಭಾಷೆನ ಬೇರೆಯಾಗಿ ಸೇರ್ಸೋಕೆ ಜಾಗ ಇದೆ. ಹುಡುಕೋ ಜನ ಮಾತ್ರ ಬಹಳಷ್ಟು ಸಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡ್ತಾರೆ, ಅದಕ್ಕೆ ಇಂಗ್ಲಿಷ್ ಲಿಸ್ಟಿಂಗಿನ ವಿವರಣೆ ಒಳಗೆ ಆ ಪದಗಳು ಒಂದು ಸರಿಯಾದ ವಾಕ್ಯದಲ್ಲಿ ಬರೋ ಹಂಗೆ ನೋಡ್ಕೊಳ್ಳಿ. ಸುಮ್ನೆ ಪದಗಳ ರಾಶಿ ಹಾಕಿದ್ರೆ ಅದು ನಿಯಮಕ್ಕೆ ವಿರುದ್ಧ.

ಇನ್ನೊಂದು ಕನ್ನಡದವರು ಎಡವೋ ಜಾಗ ಇದೆ, ಇದನ್ನ ಎಲ್ಲೂ ಸರಿಯಾಗಿ ಬರ್ದಿರೋದು ನಾನು ನೋಡಿಲ್ಲ. 2021ರ ಆಗಸ್ಟಿಂದ ಹೊಸ ಆಪ್‌ಗಳನ್ನ ಎಪಿಕೆ ಬದಲು ಆಪ್ ಬಂಡಲ್ ಆಗಿ ಕೊಡ್ಬೇಕು, ಅದರಿಂದ ಪ್ರತಿ ಫೋನಿಗೆ ಬೇಕಾದಷ್ಟನ್ನ ಮಾತ್ರ ಗೂಗಲ್ ಕತ್ತರಿಸಿ ಕಳಿಸತ್ತೆ. ಭಾಷೆನೂ ಕತ್ತರಿಸತ್ತೆ! ಅಂದ್ರೆ ಫೋನಿನ ಭಾಷೆ ಇಂಗ್ಲಿಷ್ ಅಂತಿದ್ರೆ ನಿಮ್ಮ ಆಪಿನ ಕನ್ನಡದ ಸಾಲುಗಳು ಆ ಫೋನಿಗೆ ಡೌನ್‌ಲೋಡೇ ಆಗಲ್ಲ. ನಮ್ಮ ಜನ ಮನೆಯಲ್ಲಿ ಕನ್ನಡ ಮಾತಾಡ್ಕೊಂಡು, ಕನ್ನಡ ಪೇಪರ್ ಓದ್ಕೊಂಡು, ಫೋನ್ ಮಾತ್ರ ಅಂಗಡಿಯವನು ಕೊಟ್ಟಾಗ ಹೆಂಗಿತ್ತೋ ಹಂಗೆ ಇಂಗ್ಲಿಷಲ್ಲೇ ಇಟ್ಕೊಂಡಿರ್ತಾರೆ. ನೀವು ಆಪ್ ಒಳಗೆ ‘ಕನ್ನಡ’ ಅಂತ ಒಂದು ಬಟನ್ ಇಟ್ಟಿರ್ತೀರಿ, ನಿಮ್ಮ ಕಂಪ್ಯೂಟರಿಂದ ಹಾಕಿದ ಫೋನಲ್ಲಿ ಚೆನ್ನಾಗೇ ಓಡತ್ತೆ, ಸ್ಟೋರಿಂದ ತಗೊಂಡವರು ಆ ಬಟನ್ ಒತ್ತಿದ್ರೆ ಏನೂ ಆಗಲ್ಲ, ಇಂಗ್ಲಿಷೇ ಇರತ್ತೆ. ಬಂಡಲ್ ಸೆಟ್ಟಿಂಗಲ್ಲಿ ಭಾಷೆಯ ಸ್ಪ್ಲಿಟ್ಟನ್ನ, ಅಂದ್ರೆ ಈ ಕತ್ತರಿಸೋದನ್ನ, ಫಾಲ್ಸ್ ಮಾಡಿದ್ರೆ ಸರಿ ಹೋಗತ್ತೆ, ಒಂದೇ ಸಾಲು. ಆ ಒಂದು ಸಾಲಿಲ್ದೆ ಕನ್ನಡದ ಆಪ್ ಕನ್ನಡದವರ ಕೈಗೇ ಇಂಗ್ಲಿಷಲ್ಲಿ ಹೋಗತ್ತೆ. (2012ರಲ್ಲಿ ಆಂಡ್ರಾಯ್ಡ್ 4.1 ಬರೋವರೆಗೂ ಎಷ್ಟೋ ಫೋನಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣ್ತಿತ್ತು, ಅಲ್ಲಿಂದ ಇಲ್ಲಿಗೆ ಬಂದಿದೀವಿ ಅನ್ನೋದೂ ನೆನಪಿರ್ಲಿ.)

ಈಗ ಅಪ್‌ಡೇಟ್. ಜನ ನಮ್ಮ ಆಪಲ್ಲಿ ಅವರ ಲೆಕ್ಕ ಇಟ್ಟಿದಾರೆ, ಯಾರಿಗೋ ಕೊಡ್ಬೇಕಾದ ಕೂಲಿ ಅದರಲ್ಲಿದೆ. ಒಂದು ಅಪ್‌ಡೇಟಲ್ಲಿ ಅದು ಅಳಿಸಿ ಹೋದ್ರೆ ಎಷ್ಟು ಕ್ಷಮೆ ಕೇಳಿದ್ರೂ ಸಾಕಾಗಲ್ಲ. ಡೇಟಾಬೇಸಿಗೆ ಒಂದು ಕಾಲಂ ಜಾಸ್ತಿ ಸೇರ್ಸಿದ್ರೂ ಹಳೇದರಿಂದ ಹೊಸದಕ್ಕೆ ಹೋಗೋ ಮೈಗ್ರೇಶನ್ ಬರೀಬೇಕು, ಅದರ ಬದಲು ಹಳೇದನ್ನ ಅಳಿಸಿ ಹೊಸದು ಮಾಡು ಅನ್ನೋ ಸುಲಭದ ದಾರಿ ಲೈಬ್ರರಿನಲ್ಲೇ ಇದೆ, ಆ ದಾರಿಗೆ ದಯವಿಟ್ಟು ಹೋಗ್ಬೇಡಿ. ನಾನು ಪ್ರತಿ ಸಲ ಹಳೇ ವರ್ಶನನ್ನ ಒಂದು ಹಳೇ ಫೋನಿಗೆ ಹಾಕಿ, ಅದರಲ್ಲಿ ನಾಲ್ಕು ಹೆಸರು, ಮುಂಗಡ, ಅರ್ಧ ದಿನ ಎಲ್ಲಾ ತುಂಬಿ, ಅದರ ಮೇಲೇ ಹೊಸದನ್ನ ಹಾಕಿ ಬಾಕಿ ಮೊತ್ತ ಪೈಸೆ ಪೈಸೆ ತಾಳೆ ಆದ್ಮೇಲೇ ಅಪ್‌ಲೋಡ್ ಮಾಡೋದು.

ಆಮೇಲೂ ಒಂದೇ ಏಟಿಗೆ ಎಲ್ಲರಿಗೂ ಬಿಡಲ್ಲ. ಸ್ಟೇಜ್ಡ್ ರೋಲ್‌ಔಟ್ ಅಂತ ಇದೆ, ಮೊದಲು ನೂರಕ್ಕೆ 5 ಜನಕ್ಕೆ, ಎರಡು ದಿನ ನೋಡಿ 20, ಆಮೇಲೆ 50, ಆಮೇಲೆ ಪೂರ್ತಿ. ಮಧ್ಯದಲ್ಲಿ ತೊಂದ್ರೆ ಕಂಡ್ರೆ ನಿಲ್ಲಿಸ್ಬೋದು, ಆದ್ರೆ ವಾಪಸ್ ಎಳ್ಕೊಳ್ಳೋಕೆ ಆಗಲ್ಲ, ಈಗಾಗ್ಲೇ ಹೋದವರಿಗೆ ಹೋಯ್ತು. ವರ್ಶನ್ ಕೋಡ್ ಅನ್ನೋ ನಂಬರ್ ಮೇಲಕ್ಕೇ ಹೋಗ್ಬೇಕು, ಹಾಗಾಗಿ ಹಳೇ ಒಳ್ಳೇ ವರ್ಶನೇ ಬೇಕು ಅಂದ್ರೂ ಅದಕ್ಕೆ ಹೊಸ ನಂಬರ್ ಹಾಕಿ ಮತ್ತೆ ಕಳಿಸ್ಬೇಕು, ಅದಕ್ಕೂ ರಿವ್ಯೂ ಇರತ್ತೆ, ಏಳು ದಿನದವರೆಗೂ ಆಗ್ಬೋದು. ಪ್ಲೇ ಕನ್ಸೋಲಲ್ಲಿ (ನಾವು ಆಪ್ ಹಾಕಿ ನೋಡ್ಕೊಳ್ಳೋ ಗೂಗಲ್‌ನ ಸೈಟಲ್ಲಿ) ವೈಟಲ್ಸ್ ಅಂತ ಒಂದು ಪುಟ ಇದೆ, ಕ್ರ್ಯಾಶ್ ಲೆಕ್ಕ ಅಲ್ಲಿರತ್ತೆ, ದಿನಕ್ಕೆ ಬಳಸೋರಲ್ಲಿ 1.09% ಜನಕ್ಕಿಂತ ಜಾಸ್ತಿ ಕ್ರ್ಯಾಶ್ ಕಂಡ್ರೆ ಆಪು ಸ್ಟೋರಲ್ಲಿ ಕಾಣ್ಸೋದೇ ಕಮ್ಮಿ ಆಗ್ಬೋದು. ಕೊಯ್ಲಿನ ತಿಂಗಳಲ್ಲಿ ನಾನು ಅಪ್‌ಡೇಟೇ ಬಿಡಲ್ಲ, ಶನಿವಾರ ಬಟವಾಡೆ ದಿನ ಅಂತೂ ಇಲ್ಲವೇ ಇಲ್ಲ.

ಹೊಸ ಬದಲಾವಣೆ ಏನು ಅಂತ ಬರೆಯೋ 500 ಅಕ್ಷರದ ಜಾಗನೂ ಕನ್ನಡದಲ್ಲೇ ತುಂಬಿ. ‘ಬಗ್ ಫಿಕ್ಸ್’ ಅಂತ ಬರೆಯೋದಕ್ಕಿಂತ ‘ಅರ್ಧ ದಿನದ ಕೂಲಿ ಈಗ ಬೇರೆ ರೇಟಲ್ಲಿ ಹಾಕಬಹುದು’ ಅಂತ ಬರೆದ್ರೆ ಕೇಳಿದವರಿಗೆ ತಮ್ಮ ಮಾತು ತಲುಪಿದೆ ಅಂತ ಗೊತ್ತಾಗತ್ತೆ.

ಕೀ ಬಗ್ಗೆ. ಆಪಿಗೆ ಸೈನ್ ಮಾಡೋ ಕೀ, ಅಂದ್ರೆ ಈ ಆಪ್ ನಮ್ಮದೇ ಅಂತ ಡಿಜಿಟಲ್ ಸಹಿ ಹಾಕೋ ಗುಟ್ಟಿನ ಫೈಲು, ಕಳ್ಕೊಂಡ್ರೆ ಹಿಂದೆಲ್ಲ ಆಪೇ ಹೋದಂಗೆ, ಹೊಸ ಹೆಸರಲ್ಲಿ ಮತ್ತೆ ಶುರು. ಈಗ ಪ್ಲೇ ಆಪ್ ಸೈನಿಂಗಲ್ಲಿ ಅಸಲಿ ಕೀ ಗೂಗಲ್ ಹತ್ರ ಇರತ್ತೆ, ನಮ್ಮ ಹತ್ರ ಇರೋ ಅಪ್‌ಲೋಡ್ ಕೀ ಹೋದ್ರೆ ಹೊಸದು ಕೇಳ್ಬೋದು. ಆದ್ರೆ ಅಕೌಂಟೇ ಒಬ್ಬನ ಜಿಮೇಲಲ್ಲಿದ್ದು ಆ ವ್ಯಕ್ತಿಗೆ ಏನಾದ್ರೂ ಆದ್ರೆ? ಕನ್ಸೋಲಲ್ಲಿ ಇನ್ನೊಬ್ಬರನ್ನ ಯೂಸರ್ ಆಗಿ ಸೇರ್ಸಿ, ಅವರಿಂದಲೂ ರಿಲೀಸ್ ಮಾಡೋಕೆ ಆಗ್ಬೇಕು. ಕೋಡನ್ನ ಓಪನ್ ಸೋರ್ಸ್ ಮಾಡಿ, ಅಂದ್ರೆ ಯಾರು ಬೇಕಾದ್ರೂ ನೋಡಿ ಬಳಸೋ ಹಂಗೆ ಬಿಡಿ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಕಟ್ಟಿದ ಅಲರ್ ಕನ್ನಡ ಇಂಗ್ಲಿಷ್ ನಿಘಂಟಿನ ಡೇಟಾನ 2019ರಲ್ಲಿ ಓಪನ್ ಲೈಸೆನ್ಸಲ್ಲಿ ಬಿಟ್ಟಿದ್ರಿಂದ, ನಾಳೆ ಯಾವ ಆಪ್ ಸ್ಟೋರಿಂದ ಹೋದ್ರೂ ಆ ಒಂದೂವರೆ ಲಕ್ಷ ಪದ ಎಲ್ಲೂ ಹೋಗಲ್ಲ, ಯಾರು ಬೇಕಾದ್ರೂ ಇನ್ನೊಂದು ಆಪ್ ಕಟ್ಬೋದು.

ಓಪನ್ ಸೋರ್ಸ್ ಆದ್ರೆ ಎಫ್-ಡ್ರಾಯ್ಡ್ ಅನ್ನೋ ಓಪನ್ ಸೋರ್ಸ್ ಆಪ್‌ಗಳ ಸ್ಟೋರಿಗೂ ಹಾಕ್ಬೋದು. ಅಲ್ಲಿ ಫೀಸಿಲ್ಲ, ಅವರೇ ಸೋರ್ಸ್ ತಗೊಂಡು ಬಿಲ್ಡ್ ಮಾಡಿ ಸಾಮಾನ್ಯವಾಗಿ ಅವರದ್ದೇ ಕೀಯಿಂದ ಸೈನ್ ಮಾಡ್ತಾರೆ. ಹಾಗಾಗಿ ಪ್ಲೇಯಿಂದ ಹಾಕ್ಕೊಂಡವರು ಎಫ್-ಡ್ರಾಯ್ಡ್ ವರ್ಶನ್ನಿಗೆ ನೇರ ಹೋಗೋಕೆ ಆಗಲ್ಲ, ಮೊದಲು ತೆಗೀಬೇಕು, ತೆಗೆದ್ರೆ ಡೇಟಾನೂ ಹೋಗತ್ತೆ, ಅದಕ್ಕೆ ಆಪಲ್ಲಿ ಬ್ಯಾಕಪ್ ಫೈಲ್ ತೆಗೆಯೋ ಬಟನ್ ಇರ್ಲೇಬೇಕು. ಫೋನ್‌ಪೇನವರು 2024ರ ಫೆಬ್ರವರಿಯಲ್ಲಿ ಇಂಡಸ್ ಆಪ್‌ಸ್ಟೋರ್ ಶುರು ಮಾಡಿದ್ರು, ಕನ್ನಡನೂ ಸೇರಿ 12 ಭಾರತೀಯ ಭಾಷೆಯಲ್ಲಿ, ಅದನ್ನೂ ನೋಡಿ. 2026ರ ಸೆಪ್ಟೆಂಬರಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಾಪುರ, ಥಾಯ್ಲೆಂಡಲ್ಲಿ ಸ್ಟೋರ್ ಆಚೆಯಿಂದ ಹಾಕೋ ಆಪಿಗೂ ಡೆವಲಪರ್ ಗುರುತು ದೃಢಪಟ್ಟಿರ್ಬೇಕು ಅಂತ ಗೂಗಲ್ ಹೇಳಿದೆ, 2027ರಿಂದ ಬೇರೆ ದೇಶಗಳಿಗೂ ಬರತ್ತಂತೆ. ಎಫ್-ಡ್ರಾಯ್ಡಿನವರು ಇದನ್ನ ಬಲವಾಗಿ ವಿರೋಧಿಸಿದಾರೆ, ನಾನು ಅವರ ಕಡೆ.

ನಿಮ್ಮ ಹಳೇ ಕನ್ನಡ ಆಪ್ ಯಾವುದಾದ್ರೂ ಕಾಣೆಯಾಗಿದ್ರೆ ಮೊದಲು ಕನ್ಸೋಲಿಗೆ ಲಾಗಿನ್ ಆಗಿ ಟಾರ್ಗೆಟ್ ನಂಬರ್ ಎಷ್ಟಿದೆ ನೋಡಿ. ಕೋಡ್ ಇದ್ದು ಟೈಮ್ ಇಲ್ಲ ಅಂದ್ರೆ ನಂಗೆ ಬರೀರಿ, ಬಿಲ್ಡ್ ಎರರ್ ಒಟ್ಟಿಗೆ ಕೂತು ನೋಡೋಣ. ಹೊಸದಾಗಿ ಮಾಡ್ತಿದ್ದು 12 ಜನ ಸಿಗ್ತಿಲ್ಲ ಅಂದ್ರೂ ಬರೀರಿ, 14 ದಿನ ಫೋನಲ್ಲಿ ಇಟ್ಕೊಂಡು ನಿಜವಾಗಿ ಬಳಸಿ, ಏನು ಕಷ್ಟ ಆಯ್ತು ಅಂತ ಕನ್ನಡದಲ್ಲೇ ಬರ್ದು ಕಳಿಸ್ತೀನಿ.