ಹಾಜರಿ ಪುಸ್ತಕದ ಆಚೆ: ನಮ್ಮ ಸಭೆಯ ಶಿಷ್ಯತ್ವದ ಕೆಲಸ ಎಲ್ಲಿಗೆ ಬಂತು

ಜೂನ್: ಬೀದರ್ ಸಮೀಪದ ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ವಿಶ್ವಾಸಿಗಳು ಆತ್ಮಿಕವಾಗಿ ಬೆಳೆಯುತ್ತಿದ್ದಾರೆಯೇ ಎಂದು ತಿಳಿಯುವ ಪದ್ಧತಿಯೊಂದನ್ನು ಕಟ್ಟಲು ಕೂತೆವು. ಹಾಜರಿ ಪುಸ್ತಕ, ಕಾಣಿಕೆ ಲೆಕ್ಕ ಮೊದಲಿಂದಲೂ ಇವೆ. ಯಾರಾದರೂ ನಾಲ್ಕು ವಾರ ಕಾಣದಿದ್ದರೆ ಮನೆಗೆ ಹೋಗಿ ವಿಚಾರಿಸಲು ಹಾಜರಿ ಬೇಕೇ ಬೇಕು. ಆದರೆ ನಮ್ಮ ಎಷ್ಟೋ ಹುಡುಗರು ದುಡಿಯಲು ಹೈದರಾಬಾದಿಗೆ ಹೋಗಿದ್ದಾರೆ. ಅವರ ಹೆಸರಿನ ಮುಂದೆ ಸಾಲುಸಾಲು ಗೈರುಹಾಜರಿ ಬಿದ್ದರೆ ಅವರ ನಂಬಿಕೆ ತಣ್ಣಗಾಯಿತು ಎಂದರ್ಥವೇ?

ಮೆಥೋಡಿಸ್ಟರಾದ ನಮಗೆ ದಾರಿ ಮನೆಯಲ್ಲೇ ಇತ್ತು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಮೆಥೋಡಿಸ್ಟ್ ಚಳವಳಿ ಆರಂಭಿಸಿದ ಜಾನ್ ವೆಸ್ಲಿಯ ಸಂಗಡಿಗರು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ವಾರಕ್ಕೊಂದು ಪೆನ್ನಿ ವಸೂಲಿಗೆ ಗುಂಪಿಗೊಬ್ಬ ಮುಖಂಡನನ್ನು ನೇಮಿಸಿದರು. ದುಡ್ಡು ಕೇಳಲು ಮನೆ ಮನೆಗೆ ಹೋದವರ ಕಣ್ಣಿಗೆ ಜನ ನಿಜವಾಗಿ ಹೇಗೆ ಬದುಕುತ್ತಿದ್ದಾರೆ ಎಂಬುದೂ ಬಿತ್ತು. ಒಬ್ಬರ ಬದುಕನ್ನು ಇನ್ನೊಬ್ಬರು ವಿಚಾರಿಸುವ ಚಿಕ್ಕ ಗುಂಪಿನ ಕೂಟ, ಅಂದರೆ ‘ಕ್ಲಾಸ್ ಮೀಟಿಂಗ್’, ಬೆಳೆದದ್ದು ಹೀಗೆ. 1743ರ ನಿಯಮಗಳ ತಿರುಳು ಮೂರೇ ಮಾತು: ಕೇಡು ಮಾಡಬೇಡ, ಒಳ್ಳೆಯದು ಮಾಡು, ಪ್ರಾರ್ಥನೆ–ವಾಕ್ಯ–ಪ್ರಭುಭೋಜನ ಬಿಡಬೇಡ.

ಜುಲೈ: ಹೊರಗಿನಿಂದ ಬಂದ ಒಂದು ಪ್ರಶ್ನಾವಳಿ ನೋಡಿದೆವು. ‘ದಿನಕ್ಕೆ ಎಷ್ಟು ಅಧ್ಯಾಯ ಓದುತ್ತೀರಿ?’ ಎಂಬುದೇ ಮೊದಲ ಪ್ರಶ್ನೆ. ಓದು ಬರದ ನಮ್ಮ ಆಯಿಯೊಬ್ಬರಿಗೆ ಅದರಲ್ಲಿ ಸೊನ್ನೆ. ಅದೇ ಆಯಿ ಜ್ವರದವರ ತಲೆಯ ಬಳಿ ಕೂತು 23ನೇ ಕೀರ್ತನೆಯನ್ನು ತಪ್ಪಿಲ್ಲದೆ ಹೇಳಿ ಪ್ರಾರ್ಥಿಸುತ್ತಾರೆ. ಅಂಕದ ಕಾಲಮನ್ನು ಅಂದೇ ತೆಗೆದುಹಾಕಿದೆವು. ಬೈಬಲಿನ ಗಲಾತ್ಯ 5ರಲ್ಲಿ ಹೇಳಿದ ಆತ್ಮನ ಫಲಗಳಾದ ಪ್ರೀತಿ, ದೀರ್ಘಶಾಂತಿ, ದಯೆ, ಶಮೆದಮೆಗಳನ್ನು ಹತ್ತಕ್ಕೆ ಇಷ್ಟು ಎಂದು ಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವು ಇವೆಯೋ ಇಲ್ಲವೋ ಎಂಬುದನ್ನು ಜೊತೆಗಿರುವವರು ಹೇಳಬೇಕು.

ಆಗಸ್ಟ್: ಈಗ ಗುರುವಾರ ರಾತ್ರಿ ಊಟವಾದ ಮೇಲೆ ಮನೆಗಳಲ್ಲಿ ಕ್ಲಾಸ್ ಮೀಟಿಂಗಿನಂತೆ ಗುಂಪು ಕೂಡುತ್ತದೆ. ಮೊದಲು ಸಹೋದರನೊಂದಿಗೆ ಸಮಾಧಾನವಾಗು ಎನ್ನುವ ಮತ್ತಾಯ 5ನ್ನು ಓದಿದ ದಿನ ‘ಯಾರ ಜೊತೆ ಸಮಾಧಾನವಾಗುವುದು ಬಾಕಿ ಇದೆ?’ ಎಂದು ಮುಖಂಡರು ಕೇಳಿದರು. ಒಂದೇ ಬಾವಿಯ ನೀರಿಗಾಗಿ ಮಾತು ಬಿಟ್ಟಿದ್ದ ಅಣ್ಣತಮ್ಮ ಇಬ್ಬರೂ ಅಲ್ಲಿದ್ದರು. ಇಬ್ಬರದೂ ಭಾನುವಾರದ ಹಾಜರಿ ಪೂರ್ತಿ. ಬಹಳ ಹೊತ್ತಿನ ಮೇಲೆ ಅಣ್ಣ, ‘ನಾಳೆ ಕರೆಂಟ್ ಬಂದಾಗ ಮೊದಲ ಪಾಳಿ ನೀ ಹಚ್ಚಿಕೋ’ ಎಂದರು. ತಮ್ಮ ತಲೆಯಾಡಿಸಿದರು, ಮಾತಾಡಲಿಲ್ಲ. ಆದರೆ ಮರುದಿನ ಮೋಟಾರು ತಮ್ಮನ ಹೊಲಕ್ಕೆ ನೀರು ಹಾಯಿಸಿತು. ಇದನ್ನು ನಾವು ಯಾವ ಕಾಲಮಿನಲ್ಲಿ ಬರೆಯುತ್ತಿದ್ದೆವು?

ಇಬ್ಬರ ಒಪ್ಪಿಗೆ ಪಡೆದೇ ಇಷ್ಟು ಬರೆದಿದ್ದೇನೆ. ಗುಂಪಿನಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ಪಾಸ್ಟರ್ ಅವರ ಉಪದೇಶದಲ್ಲೂ ಉದಾಹರಣೆಯಾಗಬಾರದು ಎಂದು ಎಲ್ಲರೂ ಸೇರಿ ನಿರ್ಧರಿಸಿದ್ದೇವೆ. ಮುಖಂಡರ ವಹಿಯಲ್ಲಿ ಇರುವುದು ಎರಡೇ: ಯಾರನ್ನು ಭೇಟಿಯಾಗಬೇಕು, ಯಾರಿಗೆ ಏನು ನೆರವು ಬೇಕು.

ಹೆಣ್ಣುಮಕ್ಕಳು ಗಂಡಸರ ಎದುರು ಬಾಯಿ ಬಿಡುತ್ತಿಲ್ಲ, ಹಾಗಾಗಿ ಅವರ ಗುಂಪು ಬೇರೆ ಮಾಡುತ್ತೇವೆ. ಹೈದರಾಬಾದಿನ ಹುಡುಗರಿಗೆ ಭಾನುವಾರ ರಾತ್ರಿ ಫೋನಿನಲ್ಲೇ ಕೂಟ. ನವೆಂಬರಿನಲ್ಲಿ ತೆಲಂಗಾಣದ ಧಾರೂರಿನಲ್ಲಿ ನಡೆಯುವ ಮೆಥೋಡಿಸ್ಟರ ಜಾತ್ರೆಗೆ ಅವರೂ ಬರುತ್ತಾರೆ. ಆಗ ಎದುರೆದುರು ಕೂತು, ಈ ಪದ್ಧತಿಯಲ್ಲಿ ಏನು ಬದಲಿಸಬೇಕೆಂದು ಅವರನ್ನೇ ಕೇಳುವುದಿದೆ.